ಗುಂಡಿಯಕ್ಕ ಬ್ಯಾಟರಿ ಕಲಿತದ್ದು

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಗುಂಡಿಯಕ್ಕ ಎಂದೇ. ಹೊಲಿದ ಅಂಗಿಯ ಒಳಮಡಿಕೆಯಲ್ಲಿ ಒಂದು ಗುಂಡಿ ಹೆಚ್ಚಿಗೆ ಹಾಕಿ, "ಒಂದು ಕಿತ್ತೋದ್ರೆ ಇರ್ಲಿ" ಅನ್ನುವಳು. ಗಂಡ ಕ್ವಾರಿಯಲ್ಲಿ ಕಲ್ಲು ಕೊರೆಯುವವನು. "ನಂದೂ ಗುಂಡಿ ಕೆಲ್ಸ, ಅವಳದ್ದೂ ಗುಂಡಿ ಕೆಲ್ಸ. ನಾನು ತೋಡ್ತೀನಿ, ಅವಳು ಹಾಕ್ತಾಳೆ" ಎಂದು ಅವನು ನಗಿಸುತ್ತಿದ್ದ. ಮೊದಮೊದಲು ನಗು ಮುಗಿದ ಮೇಲೆ ಕೆಮ್ಮು ಬರುತ್ತಿತ್ತು. ಆಮೇಲಾಮೇಲೆ ನಗುವಿಗೇ ಜಾಗ ಬಿಡದಷ್ಟು ಕೆಮ್ಮು.

ಇಪ್ಪತ್ತೆರಡು ವರ್ಷ ಕಲ್ಲಿನ ದೂಳು ಕುಡಿದ ಶ್ವಾಸಕೋಶ ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಮನೆಯಲ್ಲಿ ಆಕ್ಸಿಜನ್ ಮೆಷಿನ್ ಇಟ್ಟುಕೊಳ್ಳಬೇಕು ಎಂದರು. ಆದರೆ ಕ್ವಾರಿಯ ಮೇಲಿನ ದಿಣ್ಣೆಯಲ್ಲಿದ್ದ ಆ ಮನೆಗೆ ಕರೆಂಟೇ ಇರಲಿಲ್ಲ. ಜೊತೆಯಲ್ಲಿ ದುಡಿದವರೆಲ್ಲ ಸೇರಿ ಸೋಲಾರ್ ಹಾಕಿಸಿಕೊಟ್ಟರು. ಮಾಳಿಗೆಯ ಮೇಲೆ ಎಂಟು ಪ್ಯಾನೆಲ್, ಅಡುಗೆಮನೆಯ ಮೂಲೆಯಲ್ಲಿ ನಾಲ್ಕು ದೊಡ್ಡ ಬ್ಯಾಟರಿ. ಹಾಕಲು ಬಂದವನು, "ನೀವೇನೂ ಮಾಡ್ಬೇಕಾಗಿಲ್ಲಮ್ಮ. ಬಿಸಿಲು ಬಿದ್ರೆ ತಾನೇ ಚಾರ್ಜ್ ಆಗತ್ತೆ" ಎಂದು ಹೇಳಿ ಏಣಿ ಎತ್ತಿಕೊಂಡು ಹೊರಟುಹೋದ.

ಅವಳು ನಂಬಿದಳು. ನಂಬದೆ ಏನು ಮಾಡಿಯಾಳು? ಮಧ್ಯಾಹ್ನ ನೋಡಿದಾಗಲೆಲ್ಲ, ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಬಿಡುವ ಗೋಡೆಯ ಡಬ್ಬಿಯ ಮೇಲೆ ಬ್ಯಾಟರಿ ತುಂಬಿದೆ ಎಂದೇ ಕಾಣುತ್ತಿತ್ತು. ಇಷ್ಟೊಂದು ಇದೆಯಲ್ಲ ಎಂದು ಕೆಂಡದ ಇಸ್ತ್ರಿಪೆಟ್ಟಿಗೆ ಅಟ್ಟಕ್ಕೆ ಹಾಕಿ ಕರೆಂಟಿನದು ತಂದುಕೊಂಡಳು. ಮಗ್ಗುಲಿನ ಮನೆಯವಳಾದ ನನಗೂ ತೋರಿಸಿದ್ದಳು. ಹೊಸ ಬಳೆ ತೋರಿಸುವವರ ಮುಖವಿತ್ತು ಆ ದಿನ.

ಐದನೆಯ ತಿಂಗಳು. ಬೆಳಕು ಹರಿಯುವ ಹೊತ್ತಿಗೆ ಮೆಷಿನ್ ಕೀ ಎಂದು ಕೂಗಿ ನಿಂತುಹೋಯಿತು. ಮೂಲೆಯಲ್ಲಿ ತುರ್ತಿಗೆಂದು ಇಟ್ಟಿದ್ದ ಆಕ್ಸಿಜನ್ ಸಿಲಿಂಡರಿನ ಸ್ಪ್ಯಾನರ್ ಹುಡುಕಿ, ತಿರುವಿ, ಕೊಳವೆ ಸಿಕ್ಕಿಸುವಷ್ಟರಲ್ಲಿ ಗಂಡನ ಉಗುರುಗಳು ನೀಲಿಗಟ್ಟಿದ್ದವು. ಜೀವ ಉಳಿಯಿತು. ಆದರೆ ಅಂಗಳದ ಕಟ್ಟೆಯವರೆಗೆ ನಡೆದು ಬರುತ್ತಿದ್ದವನು ಮತ್ತೆ ಹೊಸಿಲು ದಾಟಲಿಲ್ಲ.

ಆ ದಿನವೇ ಆಸಿಡಣ್ಣ ಬಂದರು. ಪೇಟೆಯಲ್ಲಿ ಬ್ಯಾಟರಿ ರಿಪೇರಿ ಮಾಡುವ ಮುದುಕ. ಆಸಿಡ್ ಸಿಡಿದು ತೂತಾದ ಅವರ ಅಂಗಿಗಳಿಗೆ ತೇಪೆ ಹಾಕುತ್ತಿದ್ದವಳು ಇವಳೇ. ಮುಚ್ಚಳ ತಿರುಗಿಸಿ ಟಾರ್ಚ್ ಬಿಟ್ಟರು. ಒಳಗೆ ನೀರು ಇಂಗಿ ಪ್ಲೇಟುಗಳು ಬೆತ್ತಲಾಗಿ ಬೆಳ್ಳಗೆ ಪುಡಿಗಟ್ಟಿದ್ದವು.

"ನೀರು ಹಾಕಿ ಎಷ್ಟು ದಿನ ಆಯ್ತಮ್ಮ?"

"ಇದಕ್ಕೂ ನೀರು ಹಾಕ್ಬೇಕಾ ಅಣ್ಣಾ?"

ಆಸಿಡಣ್ಣ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಮುಚ್ಚಿದರು.

"ದಿನಾ ತುಂಬಿದೆ ಅಂತಾನೇ ತೋರಿಸ್ತಿತ್ತಲ್ಲಾ," ಎಂದಳು.

"ಯಾವಾಗ ನೋಡ್ತಿದ್ರಿ?"

"ಮಧ್ಯಾಹ್ನ."

"ಬಿಸಿಲಿದ್ದಾಗ ಅದು ತೋರ್ಸೋದು ಪ್ಯಾನೆಲ್ ಕೊಡೋ ಜೋರನ್ನಮ್ಮ, ಬ್ಯಾಟರೀಲಿ ಇರೋದನ್ನಲ್ಲ. ಹೊತ್ತು ಮುಳುಗ್ಲಿ, ಎಲ್ಲಾ ಸ್ವಿಚ್ ಆರಿಸಿ, ಅರ್ಧ ಗಂಟೆ ಬಿಟ್ಟು ನೋಡಿ. ಆಗ ನಿಜ ಹೇಳತ್ತೆ."

ಬೇರೆ ನಾಲ್ಕು ಬ್ಯಾಟರಿ ತಂದು ಜೋಡಿಸಿದರು. ಡಬ್ಬಿಯ ಒಳಗಿನ ಸೆಟ್ಟಿಂಗು ಬೇರೆ ಜಾತಿಯ ಬ್ಯಾಟರಿಗೆ ಇಟ್ಟಿದ್ದರಿಂದ ಹಳೆಯವು ಒಂದು ದಿನವೂ ಪೂರ್ತಿ ಚಾರ್ಜ್ ಆಗಿರಲಿಲ್ಲ ಎಂದೂ ಗೊತ್ತಾಯಿತು. ಅದನ್ನೂ ಸರಿಮಾಡಿ, ಒಂದು ವಾರ ಸಂಜೆ ಸಂಜೆ ಬಂದು ಕಲಿಸಿದರು. ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದುಕೊಂಡಳು. ಹನ್ನೆರಡು ಮುಕ್ಕಾಲು ವೋಲ್ಟ್ ಹತ್ತಿರವಿದ್ದರೆ ತುಂಬಿದೆ. ಹನ್ನೆರಡೂಕಾಲಿಗೆ ಇಳಿದರೆ ಅರ್ಧ ಖಾಲಿ, ಅದರ ಕೆಳಗೆ ಇಳಿಸಕೂಡದು. ನಲ್ಲಿ ನೀರು ಬೇಡ, ಬ್ಯಾಟರಿ ನೀರೇ ಆಗಬೇಕು. ಅದೂ ಚಾರ್ಜ್ ಆದ ಮೇಲೆ. ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಗ್ಯಾಸ್ ಬರುತ್ತದೆ, ಕಿಟಕಿ ತೆರೆದಿರಲಿ, ಹತ್ತಿರ ಒಲೆ ಬೇಡ. ಅಡುಗೆ ಅಂಗಳಕ್ಕೆ ಬಂತು. ಬ್ಯಾಟರಿಯನ್ನೆಲ್ಲ ಹೀರುತ್ತಿದ್ದ ಕರೆಂಟಿನ ಇಸ್ತ್ರಿಪೆಟ್ಟಿಗೆಯನ್ನು ಯಾರಿಗೋ ಕೊಟ್ಟುಬಿಟ್ಟಳು.

ವಾರಕ್ಕೊಮ್ಮೆ, ಗಂಡನನ್ನು ಅರ್ಧ ಗಂಟೆ ಸಿಲಿಂಡರಿಗೆ ಹಾಕಿ, ಒಂದೊಂದೇ ಮುಚ್ಚಳ ತೆಗೆದು, ರಬ್ಬರ್ ಉಂಡೆ ಒತ್ತಿ ಗಾಜಿನ ಕೊಳವೆಗೆ ಆಸಿಡ್ ಹೀರಿಸಿ, ಚಾರ್ಜ್ ಅಳೆಯುವ ಒಳಗಿನ ತೇಲುಕಡ್ಡಿ ಎಲ್ಲಿ ನಿಲ್ಲುತ್ತದೆಂದು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವಳು. ಹಾಸಿಗೆಯಿಂದ ಅವನು, "ನನ್ನ ಮುಖಾನೂ ಒಂದ್ಸಲ ಹಾಗೆ ನೋಡೇ" ಅನ್ನುತ್ತಿದ್ದ. ನಾಲ್ಕು ಮಾತಿಗೆ ನಾಲ್ಕು ಸಲ ಉಸಿರು ತೆಗೆದುಕೊಂಡು.

ಮೋಡ ಮುಚ್ಚಿದ ಒಂಬತ್ತು ದಿನ ದೀಪ ಹಚ್ಚಲಿಲ್ಲ, ಫ್ಯಾನ್ ಹಾಕಲಿಲ್ಲ. ಕಿಟಕಿ ಪಕ್ಕ ಕೂತು ಎಲ್ಲವನ್ನೂ ಕೈಯಲ್ಲೇ ಹೊಲಿದಳು. ಅಷ್ಟಿದ್ದರೂ ಸಾಲದಾದಾಗ ಸಿಲಿಂಡರನ್ನು ಬೆನ್ನ ಮೇಲೆ ಹೊತ್ತು ದಿಣ್ಣೆ ಹತ್ತಿಸಿದಳು. ಮೆಷಿನ್ ಒಂದು ದಿನವೂ ಕೂಗಲಿಲ್ಲ. ಆಸಿಡಣ್ಣ, "ನನ್ನ ಅಂಗಡೀಲೂ ಇಷ್ಟು ಚೆನ್ನಾಗಿ ನೋಡ್ಕೊಳ್ಳಲ್ಲ ನಾನು" ಎಂದರು. ಅವಳಿಗೆ ಆ ಹೊಗಳಿಕೆ ಬೇಕಿರಲಿಲ್ಲ. ಬ್ಯಾಟರಿ ಸರಿಯಾಗಿತ್ತು, ಗಂಡ ಮಾತ್ರ ದಿನೇ ದಿನೇ ಸೊರಗುತ್ತಿದ್ದ.

ಅವನು ಹೋದದ್ದು ಒಳ್ಳೆಯ ಬಿಸಿಲಿನ ಮಧ್ಯಾಹ್ನ, ಮೂರು ಗಂಟೆಗೆ. ನಾನು ರವಿಕೆ ತರಲು ಹೋಗಿದ್ದೆ. ಅವಳು ಅವನ ಕಾಲ ಬಳಿ ಕೂತಿದ್ದಳು. ಮೆಷಿನ್ ಬುಸ್ ಬುಸ್ ಎನ್ನುತ್ತಲೇ ಇತ್ತು. ನನ್ನನ್ನು ನೋಡಿ, ಹೊಲಿಗೆಯ ವಿಷಯ ಕೇಳುವಷ್ಟು ಸಣ್ಣ ದನಿಯಲ್ಲಿ, "ಆಫ್ ಮಾಡ್ಲಾ?" ಎಂದಳು. ನಾನೇ ಹೋಗಿ ಸ್ವಿಚ್ ಆರಿಸಿದೆ. ಆಗ ಅವಳು ಅತ್ತಳು.

ತಿಂಗಳಾದ ಮೇಲೂ ಹೊತ್ತು ಮುಳುಗಿದರೆ ಎದ್ದು ಹೋಗಿ ಗೋಡೆಯ ಡಬ್ಬಿಯ ಮೀಟರ್ ನೋಡುತ್ತಿದ್ದಳು. ಖರ್ಚೇ ಇಲ್ಲದ ಬ್ಯಾಟರಿ ದಿನಾ ತುಂಬಿಯೇ ಇರುತ್ತಿತ್ತು. ಒಂದು ಸಂಜೆ ಆಸಿಡಣ್ಣ ಬಂದಾಗ ಕೇಳಿಬಿಟ್ಟಳು:

"ಆ ಇಸ್ತ್ರಿಪೆಟ್ಟಿಗೆ ತರ್ದೇ ಇದ್ದಿದ್ರೆ, ನೀರು ಹಾಕಿದ್ದಿದ್ರೆ, ಇನ್ನೊಂದು ವರ್ಷ ಇರ್ತಿದ್ರಾ ಅಣ್ಣಾ?"

"ನಂಗೆ ಗೊತ್ತಿಲ್ಲ ತಾಯಿ. ಸುಳ್ಳು ಹೇಳೋಕೆ ಬಾಯಿ ಬರ್ತಿಲ್ಲ. ಆದ್ರೆ ನಿಮಗೆ ಹೇಳ್ಕೊಡ್ದೆ ಹೋದವನು ಆರಾಮಾಗಿ ನಿದ್ದೆ ಮಾಡ್ತಿದಾನೆ. ನೀವ್ಯಾಕೆ ಸಾಯ್ತೀರಿ?"

ಅವರು ಬಂದದ್ದು ಇನ್ನೊಂದು ಮಾತಿಗೆ. ಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದ ಇನ್ನೊಬ್ಬನಿಗೆ ಅದೇ ಕಾಯಿಲೆ. ಮನೆ ಕಣಿವೆಯ ಆಚೆ, ಅಲ್ಲಿಗೂ ಕರೆಂಟಿಲ್ಲ. ಕೇಳಿದ ಮರುದಿನವೇ ಅವಳು ಬ್ಯಾಟರಿ, ಪ್ಯಾನೆಲ್, ಮೆಷಿನ್ ಎಲ್ಲವನ್ನೂ ಟೆಂಪೋಗೆ ಹೇರಿಸಿದಳು. ನಾನೂ ಜೊತೆಗೆ ಹೋದೆ.

ಅವನ ಹೆಂಡತಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಗುಂಡಿಯಕ್ಕ ಅವಳ ಕೈಗೇ ಗಾಜಿನ ಕೊಳವೆ ಕೊಟ್ಟು, ಹೀರಿಸಿ, ಓದಿಸಿದಳು. "ಮಧ್ಯಾಹ್ನ ನೋಡಿ ಮೋಸ ಹೋಗ್ಬೇಡ. ಹೊತ್ತು ಮುಳುಗಿದ್ಮೇಲೆ ನೋಡು" ಎಂದು ಮೂರು ಸಲ ಹೇಳಿದಳು. ಹುಡುಗಿ ತಲೆಯಾಡಿಸುತ್ತಲೇ ಇದ್ದಳು. ನಾವು ಹೊರಡಲು ಎದ್ದಾಗ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದಳು:

"ಅಕ್ಕಾ, ಈ ಮೆಷಿನ್ ಹಾಕಿದ್ಮೇಲೆ ನಿಮ್ಮನೆಯವ್ರು ಎಷ್ಟು ದಿನ ಇದ್ರು?"

"ಎರಡು ವರ್ಷ ಮೂರು ತಿಂಗಳು."

ಹುಡುಗಿ ಒಳಗೆ ಅಂಬೆಗಾಲಿಡುತ್ತಿದ್ದ ಮಗುವಿನ ಕಡೆ ನೋಡಿ, ಬೆರಳು ಮಡಿಸುತ್ತ ಏನೋ ಲೆಕ್ಕ ಹಾಕಿದಳು.