ಇಸ್ರಾರನ ಬೆನ್ನೇರಿ ಕಳಸೂಬಾಯಿ ಹತ್ತಿದ ಸೈಕಲ್

ಬೈಲಹೊಂಗಲದ ಎಪಿಎಂಸಿ ಯಾರ್ಡಿನಲ್ಲಿ ಹಮಾಲರು ಲಾರಿ ತುಂಬುವುದನ್ನು ಒಮ್ಮೆ ನಿಂತು ನೋಡಬೇಕು. ರಾಶಿಯ ಹತ್ತಿರ ಒಬ್ಬ, ಚೀಲದ ಕಿವಿ ಹಿಡಿದು ಎತ್ತಿ ಇನ್ನೊಬ್ಬನ ಬೆನ್ನಿಗೆ ಕೊಡುವವ. ಆ ಇನ್ನೊಬ್ಬ ತಲೆಗೆ ಗೋಣಿತಟ್ಟಿನ ಕೊಪ್ಪೆ ಹಾಕಿಕೊಂಡು, ಚೀಲ ಹೊತ್ತು, ಅಲುಗಾಡುವ ಹಲಗೆ ಹತ್ತಿ ಲಾರಿಯೊಳಗೆ ಹೋಗುವವ. ಎತ್ತಿಕೊಡುವವನು ರಾಶಿ ಬಿಟ್ಟು ಕದಲುವುದಿಲ್ಲ, ಅಲ್ಲಿಂದ ಮುಂದೆ ಹೊತ್ತವ ಒಬ್ಬನೇ. ಅವನು ನಡುದಾರಿಯಲ್ಲಿ ಚೀಲ ಇಳಿಸುವ ಹಾಗಿಲ್ಲ, ಇಳಿಸಿದರೆ ಮತ್ತೆ ಎತ್ತಿಕೊಡಲು ಅಲ್ಲಿ ಯಾರಿರುತ್ತಾರೆ? ಅವನನ್ನು ಹಿಂದಿನಿಂದ ಯಾರೂ ಮುಟ್ಟುವ ಹಾಗೂ ಇಲ್ಲ, ಮುಟ್ಟಿದರೆ ತೋಲ ತಪ್ಪಿ ಚೀಲದ ಜೊತೆ ಅವನೂ ಕೆಳಗೆ.

ಇಲ್ಲಿ ಹೊರುವವ ಇಸ್ರಾರ, ಎತ್ತಿಕೊಡುವವ ಸಂಪಗಾಂವದ ನಿಜಗುಣಪ್ಪ. ಮೀಸೆ ಮೂಡುವ ವಯಸ್ಸಿನಿಂದ ಇಬ್ಬರದೂ ಒಂದೇ ಜೋಡಿ. ಹತ್ತಿ, ಸೋಯಾ, ಕಡಲೆ, ಬೆಲ್ಲ, ಯಾವ ಸುಗ್ಗಿ ಬಂದರೂ ನಿಜಗುಣಪ್ಪ ಎತ್ತುತ್ತಾನೆ, ಇಸ್ರಾರ ಹೊರುತ್ತಾನೆ, ಇಬ್ಬರೂ ಒಬ್ಬರಿಗೊಬ್ಬರು ಬೈಯುತ್ತಾರೆ, ಸಂಜೆ ಒಂದೇ ಬಶಿಯಲ್ಲಿ ಮಿರ್ಚಿ ತಿನ್ನುತ್ತಾರೆ.

ಇಸ್ರಾರನಿಗೆ ನಲವತ್ತು ದಾಟಿತು. ಮೊಣಕಾಲು ಕಟಕಟ ಅನ್ನತೊಡಗಿದವು. ಬರುವ ಸುಗ್ಗಿಯಿಂದ ಹೊರುವುದು ಬಿಟ್ಟು ಕಾಟಾದ ಹತ್ತಿರ ತೂಕ ನೋಡುವ ಕೆಲಸಕ್ಕೆ ನಿಲ್ಲುವುದು ಎಂದು ಮನೆಯಲ್ಲಿ ತೀರ್ಮಾನವೂ ಆಯಿತು. ಅದೇ ವಾರ ರಾಮದುರ್ಗದ ಲಾರಿ ಡ್ರೈವರ್ ಹಜರತಸಾಬ ಸಂಗಮನೇರದಿಂದ ಈರುಳ್ಳಿ ತಂದವನು, ತನ್ನ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಕಳಸೂಬಾಯಿ. ಮಹಾರಾಷ್ಟ್ರದಲ್ಲಿ ಅದಕ್ಕಿಂತ ಎತ್ತರದ ಗುಡ್ಡವಿಲ್ಲ. ಕಡಿದಾದ ಬಂಡೆಗೆ ಕಬ್ಬಿಣದ ನಿಚ್ಚಣಿಕೆ ಹಚ್ಚಿದ್ದಾರೆ, ಆಚೆ ಈಚೆ ಬರೀ ಗಾಳಿ.

ಇಸ್ರಾರ ಆ ಫೋಟೊವನ್ನು ಬಹಳ ಹೊತ್ತು ನೋಡಿದ. ಆಮೇಲೆ ಗೋಡೆಗೆ ಒರಗಿಸಿದ್ದ ತನ್ನ ಹಳೆಯ ಸೈಕಲ್ಲನ್ನು ನೋಡಿದ. ಗೇರಿಲ್ಲ, ಸೀಟಿನಿಂದ ಹ್ಯಾಂಡಲ್ಲಿನವರೆಗೆ ಡಬಲ್ ಡಂಡಾ, ಹೊರಲು ಹೋದರೆ ಕಬ್ಬಿಣದ ಕರುವಿನಷ್ಟು ಭಾರ.

"ಅಣ್ಣಾ, ಇಷ್ಟ ವರ್ಷ ಮಂದಿ ಚೀಲಾ ಹೊತ್ತೀನಿ," ಅಂದ. "ಬಿಡೂಕಿಂತ ಮದ್ಲ ಒಮ್ಮಿ ನಂದ ಒಂದ ಹೊರತೇನಿ. ಈ ಸೈಕಲ್ ಹೊಡಕೊಂಡ ಅಲ್ಲಿಗಿ ಹೋಗೂದು, ಹೊತಗೊಂಡ ತುದಿಗಿ ಏರೂದು."

ನಿಜಗುಣಪ್ಪ ಎಲೆಗೆ ಸುಣ್ಣ ಹಚ್ಚುತ್ತ, "ಸೈಕಲ್ ಮ್ಯಾಲ ಮನಶಾ ಕುಂಡ್ರತಾನ್ಲೇ, ಮನಶಾನ ಮ್ಯಾಲ ಸೈಕಲ್ ಕುಂತದ್ದ ಎಲ್ಲೆರ ಕಂಡೀಯೇನು?" ಅಂದ.

"ಈಗ ಕಾಣತಿ."

ಮನೆಯಲ್ಲಿ ಹೆಂಡತಿ ಫರೀನ್ ಎರಡು ದಿನ ಬೈದು ನೋಡಿದಳು. ಮೂರನೆಯ ದಿನ ನಿಜಗುಣಪ್ಪನನ್ನು ಕರೆಸಿ, "ಅಣ್ಣಾರ, ಇವರು ಕೇಳಾಂಗಿಲ್ಲ. ನೀವು ಸಂಗಾಟ ಹೊಂಟ್ರ ಹೋಗ್ಲಿ, ಇಲ್ಲಂದ್ರ ಸೈಕಲ್ಲಿಗಿ ಕೀಲಿ ಹಾಕಿ ಬಾಂವ್ಯಾಗ ಒಗಿತೇನಿ ನೋಡ್ರಿ," ಅಂದಳು. ನಿಜಗುಣಪ್ಪ ಹೊರಡಲೇಬೇಕಾಯಿತು. ಅವನಿಗೂ ಒಳಗೊಳಗೇ ಹೋಗಬೇಕೆಂದಿತ್ತು, ಆದರೆ ಅದನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ.

ಇಸ್ರಾರ ಕಿತ್ತೂರಿನ ಗಡಾದ ಮರಡಿ ಎಂಬ ಗುಡ್ಡದ ಮೇಲೆ ಅಭ್ಯಾಸ ಮಾಡಿದ. ಸೈಕಲ್ಲಿನ ಡಂಡಾ ಕುತ್ತಿಗೆಯ ಹಿಂದೆ, ಕೊಪ್ಪೆ ನಡುವೆ, ಎರಡೂ ಗಾಲಿ ಆಚೆ ಈಚೆ ರೆಕ್ಕೆ ಹಾಗೆ. ಸರ್ರನೆ ಏರಿದ, ಸರ್ರನೆ ಇಳಿದ. ಎಮ್ಮೆ ಕಾಯುವ ಮುದುಕನೊಬ್ಬ, "ಪಂಚರ್ ಆಗೇತೇನಪಾ?" ಎಂದು ಕೇಳಿದ, ಅಷ್ಟೇ.

ಮೃಗಶಿರಾ ಮಳೆ ಸಮೀಪಿಸಿ ಯಾರ್ಡಿನಲ್ಲಿ ಕೆಲಸ ಸಡಿಲಾದಾಗ ಇಬ್ಬರೂ ತಮ್ಮ ತಮ್ಮ ಸೈಕಲ್ ಏರಿ ಹೊರಟರು. ಕ್ಯಾರಿಯರ್ ಮೇಲೆ ಫರೀನ್ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ. ಎಂ.ಕೆ. ಹುಬ್ಬಳ್ಳಿ ಹತ್ತಿರ ಹೈವೇ ಸೇರಿ, ಬೆಳಗಾವಿ ದಾಟಿ, ನಿಪ್ಪಾಣಿ ದಾಟಿ, ಕೊಲ್ಹಾಪುರ, ಸಾತಾರಾ, ಪುಣೆ, ಎಲ್ಲವನ್ನೂ ಈ ಇಬ್ಬರು ಚಪ್ಪಲಿ ಕಾಲಲ್ಲಿ ಪೆಡಲ್ ತುಳಿದು ದಾಟಿದರು ಅಂದರೆ ಯಾರಾದರೂ ನಂಬಬೇಕಲ್ಲ. ಕಂಟೇನರ್ ಲಾರಿಗಳು ಪಕ್ಕದಲ್ಲೇ ಹಾದು ಹೋದಾಗ ಗಾಳಿಗೆ ಸೈಕಲ್ಲು ರಸ್ತೆಯ ಅಂಚಿಗೆ ಸರಿಯುತ್ತಿತ್ತು. ಬಿಸಿಲಿಗೆ ತುಟಿ ಒಡೆದವು. ಪೆಟ್ರೋಲ್ ಬಂಕಿನ ನೆರಳಲ್ಲಿ ಮಲಗುವುದು, ಧಾಬಾದಲ್ಲಿ ಬರೀ ಚಹಾ ತೆಗೆದುಕೊಂಡು ತಮ್ಮ ರೊಟ್ಟಿ ಬಿಚ್ಚುವುದು. ಧಾಬಾದವರು ಸಿಟ್ಟಾಗುವ ಮೊದಲೇ ನಿಜಗುಣಪ್ಪ ಅವರ ಕೈಗೂ ಒಂದು ರೊಟ್ಟಿ ಹಿಂಡಿ ಇಟ್ಟುಬಿಡುತ್ತಿದ್ದ, ಆಮೇಲೆ ಚಹಾ ಎರಡನೇ ಸಲ ತಾನಾಗಿಯೇ ಬರುತ್ತಿತ್ತು.

ನಿಜವಾಗಿ ಜೀವ ಬಾಯಿಗೆ ಬಂದದ್ದು ಸಂಗಮನೇರದ ಈಚೆ, ಚಂದನಾಪುರಿ ಘಾಟಿನಲ್ಲಿ. ಇಳಿಜಾರಿನಲ್ಲಿ ಇಸ್ರಾರನ ಬ್ರೇಕಿನ ರಬ್ಬರ್ ಹಾರಿಹೋಯಿತು. ಸೈಕಲ್ಲು ಓಡತೊಡಗಿತು, ಮುಂದೆ ತಿರುವು, ತಿರುವಿನಾಚೆ ಕಣಿವೆ. ಅವನು ಬಲಗಾಲು ಮೇಲೆತ್ತಿ, ಚಪ್ಪಲಿಯ ಹಿಮ್ಮಡವನ್ನು ಹಿಂದಿನ ಟೈರಿಗೆ ಒತ್ತಿ ಹಿಡಿದ. ಸುಟ್ಟ ವಾಸನೆ ಬಂತು, ಹೊಗೆ ಬಂತು, ಸೈಕಲ್ಲು ತಿರುವಿನ ಕಲ್ಲಿನ ಹತ್ತಿರ ಬಂದು ನಿಂತಿತು. ಹಿಂದಿನಿಂದ ಬಂದ ನಿಜಗುಣಪ್ಪ ಇಳಿದು, ಮೊದಲು ಇಸ್ರಾರನ ಕಾಲು ನೋಡಿದ, ಆಮೇಲೆ ಅರ್ಧ ಉಳಿದ ಚಪ್ಪಲಿ ನೋಡಿದ.

"ಫರೀನ್‌ಗ ಇದನ್ನ ಹೇಳಬ್ಯಾಡ," ಅಂದ ಇಸ್ರಾರ.

"ನಾ ಯಾಕ ಹೇಳ್ಲಿ. ಚಪ್ಪಲಿನ ಹೇಳತೈತಿ."

ಸಂಗಮನೇರದಲ್ಲಿ ಬ್ರೇಕ್ ಹಾಕಿಸಿ, ಅಕೋಲೆ, ರಾಜೂರ ದಾಟಿ, ಗುಡ್ಡದ ಬುಡದ ಬಾರಿ ಎಂಬ ಹಳ್ಳಿ ಮುಟ್ಟಿದರು. ಬೆಳಿಗ್ಗೆ ಚಹಾ ಅಂಗಡಿಯ ಅಜ್ಜಿ ಇಸ್ರಾರನ ಹೆಗಲ ಮೇಲಿನ ಸೈಕಲ್ ನೋಡಿ, ಇದನ್ನು ಇಲ್ಲೇ ಬಿಟ್ಟು ಹೋಗಿ, ನಾನು ಕಾಯುತ್ತೇನೆ, ದುಡ್ಡು ಬೇಡ ಎಂದು ಮರಾಠಿಯಲ್ಲಿ ಎರಡೆರಡು ಸಲ ಹೇಳಿದಳು. ಮಳೆ ಬರುವ ಸೂಚನೆ ಇದೆ, ಮೇಲೆ ಗಾಳಿ ಕೆಟ್ಟದ್ದು ಅಂತಲೂ ಹೇಳಿದಳು. ಯಾರ್ಡಿನಲ್ಲಿ ಮರಾಠಿ ವ್ಯಾಪಾರಿಗಳ ಜೊತೆ ಬೆಳೆದ ಇಸ್ರಾರನಿಗೆ ಎಲ್ಲ ತಿಳಿಯಿತು. ನಕ್ಕು, ನಿಜಗುಣಪ್ಪನ ಸೈಕಲ್ಲನ್ನಷ್ಟೇ ಅವಳ ಹತ್ತಿರ ಬಿಡಿಸಿ, ಹೊರಟ.

ಮೊದಲ ಅರ್ಧ ಹಬ್ಬ. ಗದ್ದೆಯ ಬದು, ಮೆಟ್ಟಿಲು, ಮೊದಲ ನಿಚ್ಚಣಿಕೆ, ಎರಡನೆಯ ನಿಚ್ಚಣಿಕೆ. ಪುಣೆಯ ಕಾಲೇಜು ಹುಡುಗರು ದಾರಿ ಬಿಟ್ಟು ನಿಂತು ವಿಡಿಯೊ ಮಾಡಿದರು. ಇಸ್ರಾರ ಒಂದೇ ಒಂದು ಸಲವೂ ಸೈಕಲ್ ಇಳಿಸಲಿಲ್ಲ. ದಣಿವಾದರೆ ಬಂಡೆಗೆ ಹಣೆ ಹಚ್ಚಿ ನಿಂತುಕೊಂಡೇ ಉಸಿರಾಡುತ್ತಿದ್ದ. ನಿಜಗುಣಪ್ಪ ಹಿಂದೆ ಬುತ್ತಿ, ನೀರು, ನಟ್ಟು ಬಿಚ್ಚುವ ಪಾನಾ ಇದ್ದ ಚೀಲ ಹಿಡಿದು ಬರುತ್ತಿದ್ದ. ತುದಿಗಿಂತ ಸ್ವಲ್ಪ ಕೆಳಗೆ ಒಂದು ಬಯಲು, ಅಲ್ಲೊಂದು ಬಾವಿ. ಅದರಾಚೆ ಕೊನೆಯ ನಿಚ್ಚಣಿಕೆ, ಎಲ್ಲಕ್ಕಿಂತ ಕಡಿದು.

ಆ ನಿಚ್ಚಣಿಕೆಯ ನಡುವೆ ಇದ್ದಾಗ ಗಾಳಿ ಬಂತು, ಗಾಳಿಯ ಬೆನ್ನಿಗೆ ಮಳೆ.

ಚೀಲ ಬೆನ್ನ ಮೇಲೆ ಸತ್ತಂತೆ ಬಿದ್ದಿರುತ್ತದೆ. ಸೈಕಲ್ಲು ಹಾಗಲ್ಲ, ಅದಕ್ಕೆ ತಿರುಗುವ ಕುತ್ತಿಗೆಯುಂಟು. ಗಡಾದ ಮರಡಿಯಲ್ಲಿ ಇಂಥ ಗಾಳಿ ಇರಲಿಲ್ಲವಾದ್ದರಿಂದ ಇದು ಇಬ್ಬರಿಗೂ ಹೊಳೆದಿರಲಿಲ್ಲ. ಮುಂದಿನ ಗಾಲಿ ಗಾಳಿಗೆ ಹೊರಳಿ, ಹ್ಯಾಂಡಲ್ ಹೋಗಿ ನಿಚ್ಚಣಿಕೆಯ ಕಟಾಂಜನದೊಳಗೆ ಸಿಕ್ಕಿಕೊಂಡಿತು. ಇಸ್ರಾರನ ಕುತ್ತಿಗೆ ಒಂದು ಕಡೆ ತಿರುಚಿತು. ಮೇಲೆ ಹೋಗುವಂತಿಲ್ಲ, ಕೆಳಗೆ ಬರುವಂತಿಲ್ಲ, ಎರಡೂ ಕೈ ಕಂಬಿ ಬಿಡುವಂತಿಲ್ಲ. ಕಾಲ ಕೆಳಗಿನ ಕಬ್ಬಿಣ ಬೆಣ್ಣೆ ಸವರಿದ ಹಾಗಿತ್ತು.

"ಇಳಸ್ಲೇ," ಕೆಳಗಿನಿಂದ ನಿಜಗುಣಪ್ಪ ಕೂಗಿದ.

"ಆಗೂದುಲ್ಲ."

"ಯಾಕಾಗೂದುಲ್ಲ? ನಾ ಬರತೇನಿ, ಹಿಡೀತೇನಿ."

"ಮುಟ್ಟಬ್ಯಾಡ ಅಣ್ಣಾ. ಇಳಿಸಿದ್ರ ಮತ್ತ ಎತ್ತಾಂವ ಯಾಂವ?"

ಮಳೆ ನೀರು ನಿಜಗುಣಪ್ಪನ ಮೀಸೆಯಿಂದ ಸುರಿಯುತ್ತಿತ್ತು. ಅವನು ಸಿಟ್ಟಿನಿಂದ ಒದರಿದ್ದು ಎಂಥದ್ದು ಅಂದರೆ, ಮೇಲಿದ್ದ ಕಾಲೇಜು ಹುಡುಗರಿಗೂ ಕೇಳಿಸಿತು.

"ಲೇ ಹುಚ್ಚಪ್ಯಾಲಿ, ಹುಟ್ಟಾ ನಿನಗ ಎತ್ತಿಕೊಡಾಂವ ಯಾಂವ ಅದಾನೋ? ಇದೇನ ಪ್ಯಾಟ್ಯಾಗಿನ ಲಾರಿಯೇನು, ನಾ ರಾಶಿ ಹಂತ್ಯಾಕ ನಿಂತೀನೇನು? ನಿನ್ನ ಕಾಲಬುಡಕ ಅದೇನಿ, ಬೈಲಹೊಂಗಲದಿಂದ ನಿನ್ನ ಬೆನ್ನಿಗಿ ಬಂದೀನಿ. ಕೆಳಗ ನೋಡ."

ಇಸ್ರಾರ ಕೆಳಗೆ ನೋಡಿದ. ಇಷ್ಟು ವರ್ಷಗಳಲ್ಲಿ ಹೊರೆ ಹೊತ್ತಾಗ ಅವನು ಒಮ್ಮೆಯೂ ಹಿಂದಕ್ಕೆ ತಿರುಗಿ ನೋಡಿದವನಲ್ಲ. ಹಿಂದೆ ಯಾರೂ ಇರುವುದಿಲ್ಲ ಎಂಬುದು ಅವನ ಮೈಗೇ ಗೊತ್ತಿತ್ತು. ಈಗ ಅಲ್ಲಿ ನಿಜಗುಣಪ್ಪನ ಒದ್ದೆ ತಲೆ, ಕೆಂಪು ಕಣ್ಣು, ಮೇಲೆ ಚಾಚಿದ ಎರಡು ಕೈ ಇದ್ದವು.

"ಮುಟ್ಟತೇನಿ ಈಗ," ಅಂದ ನಿಜಗುಣಪ್ಪ.

"ಹೂಂ. ಮುಟ್ಟ."

ನಿಜಗುಣಪ್ಪ ಹಿಂದಿನ ಗಾಲಿಯ ಕೆಳಗೆ ಹೆಗಲು ಕೊಟ್ಟು ಭಾರ ತೆಗೆದುಕೊಂಡ. ಇಸ್ರಾರ ಒಂದು ಕೈ ಬಿಟ್ಟು, ಹ್ಯಾಂಡಲ್ ಬಿಡಿಸಿದ. ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿದು ಬಾವಿಯ ಬಯಲಿಗೆ ಬಂದು, ಸೈಕಲ್ಲನ್ನು ನೆಲಕ್ಕಿಟ್ಟರು. ಇಸ್ರಾರ ಬಾವಿಯ ಕಟ್ಟೆಗೆ ಒರಗಿ ಕುಳಿತು, ನೆಲ ನೋಡುತ್ತ, "ಇಳೀತಲ್ಲ. ಮುಗೀತು," ಅಂದ.

"ಏನ ಮುಗೀತು? ರೊಟ್ಟಿ ಮುಗದಿಲ್ಲ, ತಿನ್ನ ಮದ್ಲ."

ಮಳೆ ಹೋಗುವವರೆಗೆ ಇಬ್ಬರೂ ಮೆತ್ತಗಾದ ರೊಟ್ಟಿ ತಿಂದರು. ನಿಜಗುಣಪ್ಪ ಪಾನಾ ತೆಗೆದು, ಯಾರನ್ನೂ ಕೇಳದೆ ಮುಂದಿನ ಗಾಲಿ ಬಿಚ್ಚಿ ತನ್ನ ಕೊರಳಿಗೆ ಹಾರದ ಹಾಗೆ ಹಾಕಿಕೊಂಡ. ಹ್ಯಾಂಡಲ್ಲನ್ನು ತನ್ನ ರುಮಾಲಿನಿಂದ ಡಂಡಾಕ್ಕೆ ಬಿಗಿದು ಕಟ್ಟಿದ. ನಂತರ ಯಾರ್ಡಿನಲ್ಲಿ ನಿಲ್ಲುವ ಹಾಗೆ ಕಾಲಗಲಿಸಿ ನಿಂತು, "ಬಾ, ಬೆನ್ನ ಕೊಡ," ಅಂದ.

ಇಸ್ರಾರ ಹೋಗಿ ಬೆನ್ನು ಕೊಟ್ಟ.

ತುದಿಯಲ್ಲಿ ಅಂಗೈ ಅಗಲದ ಜಾಗ, ಕಳಸೂಬಾಯಿಯ ಪುಟ್ಟ ಗುಡಿ, ಸುತ್ತ ಮೋಡ ಬಿಟ್ಟರೆ ಏನೂ ಕಾಣುವುದಿಲ್ಲ. ಕಾಲೇಜು ಹುಡುಗರು ಚಪ್ಪಾಳೆ ಹೊಡೆದು ಬಿಸ್ಕಿಟ್ ಕೊಟ್ಟರು. ಗಾಲಿ ಮತ್ತೆ ಕೂಡಿಸಿ ಸ್ಟ್ಯಾಂಡ್ ಹಾಕಿದಾಗ ಸೈಕಲ್ಲು ಮನೆಯ ಅಂಗಳದಲ್ಲಿ ನಿಂತಷ್ಟು ಆರಾಮಾಗಿ ನಿಂತಿತು. ರೇಂಜ್ ಸಿಕ್ಕಾಗ ಇಸ್ರಾರ ಫರೀನ್‌ಗೆ ವಿಡಿಯೊ ಕಾಲ್ ಮಾಡಿದ.

"ಮುಟ್ಟಿದ್ರೀ? ಕಾಲು ಕೈ ನೆಟ್ಟಗ ಅದಾವಿಲ್ರಿ?"

"ಮುಟ್ಟೇವಿ. ಮುಂದಿನ ಗಾಲಿ ಅಣ್ಣಾ ಹೊತ್ತಾನ, ಉಳದದ್ದ ನಾ."

"ಛಲೋ ಆತು. ಎಲ್ಲಾ ನಾನ ಹೊತ್ತೆ ಅಂದಿದ್ರ ನಂಬತಿದ್ದಿಲ್ಲ ನಾ."

ಮೋಡ ಸ್ವಲ್ಪ ಹರಿದು, ಕೆಳಗೆ ಕೆರೆಯ ನೀರು ತಗಡಿನ ಹಾಗೆ ಹೊಳೆಯಿತು. ಇಬ್ಬರೂ ಅದನ್ನು ನೋಡುತ್ತ ಕುಳಿತರು. ಇಳಿಯುವ ಹೊತ್ತಾದಾಗ ನಿಜಗುಣಪ್ಪ ಗಾಲಿ ಬಿಚ್ಚಿ ಈ ಸಲ ಇಸ್ರಾರನ ಕೊರಳಿಗೆ ಹಾಕಿದ. ಇಸ್ರಾರನ ತಲೆಯ ಕೊಪ್ಪೆ ಕಸಿದು ತಾನು ಹಾಕಿಕೊಂಡು, ಬೆನ್ನು ಬಗ್ಗಿಸಿ ನಿಂತ.

"ಎತ್ತಿಕೊಡ."

"ನೀ ಹೊರತೀಯಾ?"

"ಬರೇ ಎತ್ತಿ ಎತ್ತಿ ನನಗೂ ಬ್ಯಾಸರಾಗೇತಿ. ಎತ್ತ ಸುಮ್ನ."

ಇಸ್ರಾರ ಎತ್ತಿದ. ಹೊರುವುದು ಬಲ್ಲವನಿಗೆ ಎತ್ತಿಕೊಡುವುದು ಗೊತ್ತಿರಲಿಲ್ಲ. ಡಂಡಾ ನಿಜಗುಣಪ್ಪನ ಕಿವಿಗೆ ಬಡಿಯಿತು, ಪೆಡಲ್ ಪಕ್ಕೆಗೆ ಚುಚ್ಚಿತು.

"ಸೊಟ್ಟಾತಲೇ. ನಿಮ್ಮಪ್ಪ ಎತ್ತಿದ್ದನೇನ ಹಿಂಗ? ಬಲಕ ಸರಸ. ಬಲಕಂದ್ರ ಬಲಕೋ ಮಾರಾಯಾ."

ಇಸ್ರಾರ ನಗುತ್ತ ಬಲಕ್ಕೆ ಸರಿಸಿದ. ಮತ್ತೆ ತಪ್ಪಿತು, ಮತ್ತೆ ಬೈಸಿಕೊಂಡ, ಮತ್ತೆ ಸರಿಸಿದ. ತೋಲ ಕೂತ ಮೇಲೆ ನಿಜಗುಣಪ್ಪ ನಿಚ್ಚಣಿಕೆಯ ಕಡೆ ನಡೆದ, ಇಸ್ರಾರ ಅವನಿಗಿಂತ ಮೊದಲು ಎರಡು ಮೆಟ್ಟಿಲು ಇಳಿದು, ಮೇಲೆ ನೋಡುತ್ತ, ಎರಡೂ ಕೈ ಚಾಚಿ ನಿಂತ.