ಆರಿಹೋದ ಕಂಪ್ಯೂಟರ್ ಹಿಡಿದಿಟ್ಟ ಮಾತು

ಕಂಪ್ಯೂಟರ್ ನಾವು ಹೇಳಿದ್ದನ್ನು ಮಾಡುತ್ತದೆ, ಇಲ್ಲವೇ ಕೆಡುತ್ತದೆ. ಮೂರನೆಯದು ಇಲ್ಲ ಎಂದು ನಂಬಿದ್ದವನು ನಾನು. ಯಾರಾದರೂ ಇಂಥ ಕಥೆ ಹೇಳಿದರೆ, ಪಾಪ, ಸರಿಯಾಗಿ ನೋಡಿರಲಿಕ್ಕಿಲ್ಲ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಈಗ ನೀವು ನನ್ನ ಬಗ್ಗೆ ಹಾಗೆಯೇ ಅಂದುಕೊಂಡರೆ ನನಗೆ ಬೇಸರವಿಲ್ಲ.

ನಮ್ಮದು ತಮಿಳುನಾಡಿನ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ಮನೆ; ಮನೆಮಾತು ಕನ್ನಡ, ಓದುಬರಹ ತಮಿಳು. ಸೀರೆ ಬಿಡಿಸಿ ತೋರಿಸುವ ವಿಡಿಯೊಗಳನ್ನು ಮನೆಯ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿ ಗಿರಾಕಿಗಳಿಗೆ ಕಳಿಸುತ್ತೇನೆ. ನಾಲ್ಕು ವರ್ಷದ ಹಿಂದೆ ಅದಕ್ಕೊಂದು ರೋಗ ಹತ್ತಿಕೊಂಡಿತು. ರೆಕಾರ್ಡಿಂಗ್ ಶುರುವಾದೊಡನೆ ಮೆಮೊರಿ ಬಳಕೆ ಏರುತ್ತಾ ಹೋಗಿ, ಹತ್ತು ನಿಮಿಷದೊಳಗೆ ಪೂರ್ತಿ ತುಂಬಿ, ಪರದೆ ಮರಗಟ್ಟಿ ನಿಲ್ಲುತ್ತಿತ್ತು.

ಅದೇ ಹೊತ್ತಿಗೆ ರುಕ್ಮಿಣಿ ಅತ್ತೆಯ ಗಂಟಲಲ್ಲಿ ಗಡ್ಡೆ ಕಾಣಿಸಿತು. ನನ್ನ ತಂದೆಯ ತಂಗಿ ಅವಳು. ಕೊಯಮತ್ತೂರಿನ ಗಾಂಧಿಪುರಂನ ಜವಳಿ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷ ಮೈಕ್ ಮುಂದೆ ಕೂತು, ಜನಜಂಗುಳಿಯಲ್ಲಿ ಕಳೆದುಹೋದ ಮಕ್ಕಳ ಹೆಸರು ಕೂಗಿ ತಾಯಂದಿರನ್ನು ಕರೆಸಿದವಳು. ಆಪರೇಷನ್ ಆಗಲೇಬೇಕು, ಆಮೇಲೆ ದನಿ ಉಳಿಯುತ್ತದೆಂದು ಹೇಳಲಾಗದು ಎಂದರು ಡಾಕ್ಟರು. ಅವಳ ಮಗಳು ಆಗ ಏಳು ತಿಂಗಳ ಬಸುರಿ.

“ಉಟ್ಟೋ ಮಗೂಗೆ ನನ್ ಕುರಲು ಕೇಳ್ಸಬೇಕು ಕಣ್ಣೂ,” ಎಂದಳು ಅತ್ತೆ. ಕುರಲು ಅಂದರೆ ದನಿ; ಅವಳದು ಆಗಲೇ ಒಡೆದಿತ್ತು. “ನಮ್ಗೇನು ಕನ್ನಡ ಬರಿಯಕ್ಕೆ ಬರುತ್ತಾ? ಬಾಯಲ್ಲಿ ತಾನೇ ಇರೋದು?”

ಆಸ್ಪತ್ರೆಗೆ ಸೇರುವ ಮುಂಚಿನ ಎರಡು ದಿನ ಅತ್ತೆ ಒಂದು ಮಾತೂ ಆಡಲಿಲ್ಲ. ಇದ್ದಷ್ಟು ದನಿಯನ್ನು ಕೂಡಿಡುತ್ತಿದ್ದಳು. ಆ ಎರಡು ದಿನ ನಾನು ಕಂಪ್ಯೂಟರಿಗೆ ಅಂಟಿಕೊಂಡಿದ್ದೆ. ತಾನಾಗಿ ಓಡುತ್ತಿದ್ದ ಪ್ರೋಗ್ರಾಮುಗಳನ್ನು ಒಂದೊಂದಾಗಿ ನಿಲ್ಲಿಸಿದೆ, ಬ್ರೌಸರ್ ಮುಚ್ಚಿದೆ, ಚಿತ್ರದ ಗುಣಮಟ್ಟ ಇಳಿಸಿದೆ, ರೆಕಾರ್ಡ್ ಆದದ್ದು ಮೆಮೊರಿಯಲ್ಲಿ ನಿಲ್ಲದೆ ನೇರ ಡಿಸ್ಕಿಗೆ ಹೋಗುವಂತೆ ಬದಲಿಸಿದೆ. ಬರೀ ಗೋಡೆಗೆ ಕ್ಯಾಮೆರಾ ಹಿಡಿದು ಒಂದು ಗಂಟೆ ಓಡಿಸಿ ನೋಡಿದೆ. ಮೆಮೊರಿ ಅರ್ಧದ ಮೇಲೆ ಏರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಬಂದು ಕೂತಳು. ನಾನು ಪಕ್ಕದಲ್ಲಿ ಕೂತೆ. ಹೊಟ್ಟೆಯಲ್ಲಿದ್ದ ಮಗುವನ್ನು ಎದುರಿಗೇ ಇರುವಂತೆ ಮಾತಾಡಿಸತೊಡಗಿದಳು. ಹನ್ನೊಂದನೆಯ ನಿಮಿಷಕ್ಕೆ ಪರದೆ ನಿಂತಿತು. ಮೆಮೊರಿಯ ಗೆರೆ ನೆತ್ತಿ ಮುಟ್ಟಿತ್ತು. ಬೇಗ ಮತ್ತೆ ಶುರುಮಾಡೋಣವೆಂದು ಮೇಜಿನ ಕೆಳಗೆ ಬಗ್ಗಿ ಗುಂಡಿ ಒತ್ತಿ ಹಿಡಿದೆ. ಕಂಪ್ಯೂಟರ್ ಆರಿತು. ಫ್ಯಾನಿನ ಸದ್ದು ನಿಂತಿತು, ಕ್ಯಾಮೆರಾದ ದೀಪವೂ ಹೋಯಿತು. ಎಷ್ಟು ಒತ್ತಿದರೂ ಮತ್ತೆ ಹತ್ತಲಿಲ್ಲ. ಫೋನಿನಲ್ಲಾದರೂ ರೆಕಾರ್ಡ್ ಮಾಡೋಣವೆಂದರೆ ನನ್ನ ಫೋನು ಹೆಂಡತಿಯ ಬಳಿ ಇತ್ತು. ಆಸ್ಪತ್ರೆಯಲ್ಲಿ ಹಾಸಿಗೆ ಗೊತ್ತುಮಾಡಲು ಅವಳು ಕೊಯಮತ್ತೂರಿಗೆ ಹೋಗಿದ್ದಳು. ಅತ್ತೆಯದು ಗುಂಡಿ ಫೋನು.

ಅತ್ತೆ ನಿಲ್ಲಿಸಿರಲಿಲ್ಲ. ಕಣ್ಣು ಮುಚ್ಚಿಕೊಂಡು ಹೇಳುತ್ತಲೇ ಇದ್ದಳು. ತಡೆದರೆ ಮತ್ತೆ ಮೊದಲಿನಿಂದ ಹೇಳುವಷ್ಟು ದನಿ ಅವಳಲ್ಲಿ ಉಳಿದಿರಲಿಲ್ಲ. ನಲವತ್ತು ನಿಮಿಷ ಸತ್ತ ಯಂತ್ರದ ಪಕ್ಕ ಕೂತು ಕೇಳಿದೆ. ಕೊನೆಗೆ ಕಣ್ಣು ತೆರೆದು, “ಎಲ್ಲಾ ಇಡೀತಾ?” ಎಂದಳು. ತಲೆಯಾಡಿಸಿದೆ. ಬದುಕಿನಲ್ಲಿ ಅಷ್ಟು ಭಾರದ ಸುಳ್ಳನ್ನು ನಾನು ಹೇಳಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ಆಪರೇಷನ್ನಿಗೆ ಒಯ್ದಾಗ ನಾನು ಅಲ್ಲಿರಲಿಲ್ಲ. ಮುಖ ತೋರಿಸಲು ಧೈರ್ಯವಿಲ್ಲದೆ ಮನೆಯಲ್ಲೇ ಉಳಿದು, ರಿಪೇರಿ ಮಾಡುವ ಸೆಂದಿಲ್‌ನನ್ನು ಕರೆಸಿದ್ದೆ. ಅವನು ಮೆಮೊರಿ ಪಟ್ಟಿಯನ್ನು ಕಿತ್ತು, ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದ. ಕಂಪ್ಯೂಟರ್ ಹತ್ತಿಕೊಂಡಿತು. ಹನ್ನೊಂದು ನಿಮಿಷವಾದರೂ ಸಿಗಲಿ ಎಂದು ಫೈಲ್ ತೆರೆದೆ.

ಐವತ್ತೆರಡು ನಿಮಿಷವಿತ್ತು.

ಹನ್ನೊಂದನೆಯ ನಿಮಿಷದಲ್ಲಿ ನಾನು ಮೇಜಿನ ಕೆಳಗೆ ಬಗ್ಗುವುದು ಕಾಣುತ್ತದೆ. ಬೆವೆತ ಮುಖದಲ್ಲಿ ಮೇಲೇಳುವುದೂ ಕಾಣುತ್ತದೆ. ಅತ್ತೆಯ ಮಾತು ಒಂದಕ್ಷರ ತುಂಡಾಗದೆ ಮುಂದುವರಿಯುತ್ತದೆ. ಕೊನೆಯಲ್ಲಿ ಅವಳ ಪ್ರಶ್ನೆ, ನಾನು ತಲೆಯಾಡಿಸಿದ್ದು. ನನ್ನ ಸುಳ್ಳು ಕೂಡ ರೆಕಾರ್ಡ್ ಆಗಿತ್ತು.

ಆರಿದ್ದು ನಿಜವೇ ಎಂದು ಸೆಂದಿಲ್ ಮೂರು ಸಲ ಕೇಳಿದ. ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುವ ದಾಖಲೆ ತೆರೆದು ನೋಡಿದ. ಆ ನಲವತ್ತು ನಿಮಿಷ ಅದು ಆರಿಯೇ ಇತ್ತು. “ಮುಡಿಯಾದುಣ್ಣಾ,” ಎಂದ. ಸಾಧ್ಯವೇ ಇಲ್ಲದ ಮಾತು ಎಂದು. ಕ್ಯಾಮೆರಾಕ್ಕೆ ಸ್ವಂತ ಬ್ಯಾಟರಿಯೂ ಇಲ್ಲ, ಕಾರ್ಡೂ ಇಲ್ಲ.

ಮಧ್ಯಾಹ್ನ ಹೆಂಡತಿ ಪಕ್ಕದ ಮನೆಗೆ ಫೋನ್ ಮಾಡಿ ನನ್ನನ್ನು ಕರೆಸಿ, ಗಡ್ಡೆ ಕೆಟ್ಟದ್ದಲ್ಲವಂತೆ, ದನಿ ಮರಳಬಹುದಂತೆ ಎಂದಳು. ನಾನು ಮಗ್ಗದ ಕೋಣೆಗೆ ಹೋಗಿ ಮನಸಾರೆ ಅತ್ತುಬಿಟ್ಟೆ. ಮೂರು ವಾರದ ಮೇಲೆ ರುಕ್ಮಿಣಿ ಅತ್ತೆಗೆ ದನಿ ಬಂತು, ಮೊದಲಿಗಿಂತ ತೆಳ್ಳಗೆ. ಅವಳಿಗೆ ಎಲ್ಲ ಹೇಳಿಬಿಟ್ಟೆ. “ಸಿಕ್ತಲ್ಲ, ಬುಡು. ಅಲ್ಲ, ನಿಂತೋಯ್ತು ಅಂತ ನಂಗ್ ಯಾಕ್ ಸೊಲ್ಲಿಲ್ಲ?” ಎಂದಳು, ಅಷ್ಟೇ. ಅವಳಿಗೆ ಅಚ್ಚರಿಯಾದದ್ದು ಅದೊಂದೇ.

ಮೊಮ್ಮಗಳಿಗೆ ಈಗ ಮೂರು ದಾಟಿದೆ. ಅಜ್ಜಿಯ ತೊಡೆಯ ಮೇಲೆ ಕೂತೇ ಆ ವಿಡಿಯೊ ನೋಡುತ್ತಾಳೆ. ಮೊನ್ನೆ ಪರದೆಯ ಅಂಚಿನಲ್ಲಿದ್ದ ನನ್ನ ಮುಖಕ್ಕೆ ಬೆರಳಿಟ್ಟು, “ಮಾಮಾ ಯಾಕೆ ಬಯ ಬೀಳ್ತಾವ್ರೆ?” ಎಂದು ಕೇಳಿದಳು. ವಿಡಿಯೊ ಆಗಲೇ ಹದಿನೈದನೆಯ ನಿಮಿಷದಲ್ಲಿತ್ತು; ಯಂತ್ರ ಆರಿ ನಾಲ್ಕು ನಿಮಿಷವಾಗಿತ್ತು.