ನಾರಾಯಣಖೇಡದ ಅಕ್ಕ ತೊದಲಿದ ಮಧ್ಯಾಹ್ನ

ನಾನು ಮುಂಗೋಪಿ. ನಮ್ಮ ಕಡೆ ರೇಡಿಯೋ ಕೇಳುವವರಿಗೆಲ್ಲ ಇದು ಗೊತ್ತು. ಗಡಿಯಾಚೆಯ ಕನ್ನಡ ಸ್ಟೇಷನ್ನಿನಿಂದ ವಾರಕ್ಕೊಮ್ಮೆ ಮಧ್ಯಾಹ್ನ ಹಳೆಯ ಹಾಡುಗಳ ಕಾರ್ಯಕ್ರಮ ಬರುತ್ತದೆ. ಕೇಳುಗರು ಫೋನ್ ಮಾಡಿ ಹಾಡಿನ ಬಗ್ಗೆ ಮಾತಾಡಬಹುದು. ಅಲ್ಲಿ ಯಾರಿಗೂ ಹೆಸರು ಬೇಕಿಲ್ಲ, ಊರೇ ಹೆಸರು. ನಾನು ತಾಂಡೂರಿನ ಅಕ್ಕ. ಕೊಡಂಗಲ್ಲಿನ ಅಣ್ಣ ಒಬ್ಬರಿದ್ದಾರೆ, ಜಹೀರಾಬಾದಿನ ಮಾಸ್ತರೊಬ್ಬರಿದ್ದಾರೆ. ಮತ್ತೆ ನನ್ನ ತಲೆ ತಿನ್ನುವುದಕ್ಕೆಂದೇ ಹುಟ್ಟಿದ ನಾರಾಯಣಖೇಡದ ಅಕ್ಕ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

ಈಚಿನ ವಾರಗಳಲ್ಲಿ ಎಪ್ಪತ್ತರ ದಶಕದ ಆರಂಭದ ಪಾಪ್ ಹಾಡುಗಳ ಸರದಿ ನಡೆದಿತ್ತು. ಗಿಟಾರು, ಡ್ರಮ್ಮು, ನಡುನಡುವೆ ಯಾರೋ ಕಾಲು ತುಳಿದಂತೆ ‘ಹೇ’ ಎಂದು ಕೂಗುವ ಹಾಡುಗಳು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ವಚನ ಬಿಟ್ಟರೆ ಬೇರೆ ಹಾಡಿಗೆ ಜಾಗವಿರಲಿಲ್ಲ. ಇಂಥ ಹಾಡು ಎಲ್ಲಿಂದಾದರೂ ಕೇಳಿಬಂದರೆ ಅಪ್ಪ ಎದ್ದು ಕಿಟಕಿ ಮುಚ್ಚುತ್ತಿದ್ದರು. ನನಗೂ ಅವು ಸೋಡಾದ ಗ್ಯಾಸಿನಂತೆ ಮೂಗಿಗೆ ಏರುತ್ತಿದ್ದವೇ ಹೊರತು ಹೊಟ್ಟೆಗೆ ಇಳಿಯುತ್ತಿರಲಿಲ್ಲ. ಅದನ್ನೇ ರೇಡಿಯೋದಲ್ಲಿ ಹೇಳಿದೆ. ಮುಂದಿನ ಫೋನೇ ನಾರಾಯಣಖೇಡದ್ದು.

“ತಾಂಡೂರಕ್ಕಾರಿಗಿ ಸೋಡಾನೂ ಕುಡಿಯಾಕ ಬರಂಗಿಲ್ಲ ಅನಸ್ತದ್ರಿ,” ಅಂದಳು ಪುಣ್ಯಾತ್ಗಿತ್ತಿ. “ನಮ್ಮ ಮನಿ ಎದುರಿಗಿ ಚಹಾದ ಹೋಟೆಲ್ ಇತ್ತು. ಹೋಟೆಲಿನ್ಯಾವ ರೇಡಿಯೋ ಹಚ್ಚಿದಾ ಅಂದ್ರ ನಾ ರೊಟ್ಟಿ ಬಡೆಯೋದು ಬಿಟ್ಟು ಬಾಗಲಾಗ ನಿಂದ್ರತಿದ್ದೆ. ಅವ್ವ ಬೈತಿದ್ಳು. ಖರೇ ಹೇಳ್ತೀನಿ, ಆ ಗಿಟಾರ್ ಕೇಳಿದ್ರ ಕಾಲು ತಾವೇ ಕುಣಿತಿದ್ದವು. ಈಗ ಹೋಟೆಲೂ ಇಲ್ಲ, ಅವ್ವನೂ ಇಲ್ಲ. ಹೋಟೆಲ್ ಇದ್ದಲ್ಲಿ ಹಿಟ್ಟಿನ ಗಿರಣಿ ಆಗ್ಯದ. ನಾ ಮಾತ್ರ ಅದೇ ಮನ್ಯಾಗ ಇದ್ದೀನಿ.”

ಅವಳು ಮಾತಾಡುವಾಗೆಲ್ಲ ಹಿಂದೆ ಗಿರಣಿಯ ಸದ್ದು ಕೇಳುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ವಾರವಿಡೀ ಅವಳಿಗೆ ಏನು ಉತ್ತರ ಕೊಡಬೇಕೆಂದು ಯೋಚಿಸುತ್ತ ಪಾತ್ರೆ ತಿಕ್ಕುತ್ತಿದ್ದೆ. ಅವಳಿಲ್ಲದಿದ್ದರೆ ಆ ಕಾರ್ಯಕ್ರಮ ನನಗೆ ಸಪ್ಪೆ ಎನ್ನುವುದನ್ನು ಯಾರ ಮುಂದೆಯೂ ಒಪ್ಪುತ್ತಿರಲಿಲ್ಲ.

ಆ ದಿನವೂ ಊಟ ಮುಗಿಸಿ ನಾನು, ನಮ್ಮ ಮನೆಯವರು ರೇಡಿಯೋ ಮುಂದೆ ಕೂತಿದ್ದೆವು. ಅವರಿಗೆ ಕೆಲವು ವರ್ಷಗಳ ಹಿಂದೆ ಲಕ್ವಾ ಹೊಡೆದಿತ್ತು. ಬಲಗೈ ಸ್ವಾಧೀನದಲ್ಲಿಲ್ಲ, ಕೋಲು ಹಿಡಿದು ನಿಧಾನ ನಡೆಯುತ್ತಾರೆ. ಮಾತು ಬರುತ್ತದೆ, ಆದರೆ ಒಂದೊಂದೇ ಪದ, ಅದೂ ಮುದ್ದೆಯಾಗಿ. ನಾರಾಯಣಖೇಡದ ಅಕ್ಕ ಲೈನಿಗೆ ಬಂದಳು. ಚೆನ್ನಾಗಿಯೇ ಶುರು ಮಾಡಿದಳು. ಕಳೆದ ವಾರದ ಹಾಡು, ಅದನ್ನು ನಾನು ಬೈದದ್ದು, ನನಗೆ ಕಿವಿ ಇಲ್ಲದಿರುವುದು. ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ತಯಾರಾದೆ.

“ಆ ಹಾಡಿನಾಗ ಗಿ... ಗಿತ್ತಾ...” ಎಂದು ನಿಂತಳು. “ಗಿತ್ತಾಲ... ಅದು... ಅದಲ...” ಆಮೇಲೆ ಬಂದದ್ದು ಪದವಲ್ಲ. ಬಾಯಲ್ಲಿ ಅನ್ನ ತುಂಬಿಕೊಂಡು ಮಾತಾಡಿದ ಹಾಗಿತ್ತು.

“ಹಲೋ ಅಕ್ಕಾ, ಲೈನ್ ಸರಿ ಕೇಳವಲ್ದು. ನಿಮ್ಮ ರೇಡಿಯೋ ಜರಾ ಸಣ್ಣ ಮಾಡ್ರಿ,” ಎಂದಳು ಕಾರ್ಯಕ್ರಮ ನಡೆಸುವ ಹುಡುಗಿ. ನಮ್ಮ ಕಡೆಯ ಲೈನು ಕೆಡುವುದು ಹೊಸದಲ್ಲ. ಅವಳು ನಕ್ಕು, ಮುಂದಿನ ವಾರ ಮಾತಾಡೋಣ ಎಂದು ಹಾಡು ಹಾಕಿಬಿಟ್ಟಳು.

ಲೈನು ಕೆಟ್ಟಿರಲಿಲ್ಲ. ಅವಳ ಹಿಂದೆ ಗಿರಣಿಯ ಸದ್ದು ಸ್ವಚ್ಛವಾಗಿ ಕೇಳುತ್ತಿತ್ತು. ನಾನು ಅದನ್ನು ಯೋಚಿಸುವಷ್ಟರಲ್ಲಿ ನಮ್ಮವರು ಎಡಗೈಯಿಂದ ನನ್ನ ಮೊಣಕೈ ಹಿಡಿದರು. ಅವರ ಮುಖ ಬಿಳುಚಿಕೊಂಡಿತ್ತು. ರೇಡಿಯೋ ಕಡೆ ಬೆರಳು ತೋರಿಸಿದರು, ಆಮೇಲೆ ತಮ್ಮ ಬಾಯಿಯ ಕಡೆ.

“ನನ್ನಂಗ,” ಎಂದರು. “ನನ್ನಂಗ.”

ಅವರಿಗೆ ಆದ ದಿನವೂ ಹೀಗೆಯೇ, ಚಹಾ ಕೇಳುತ್ತ ಕೇಳುತ್ತ ನಾಲಿಗೆ ಜಾರಿತ್ತು. ಪಕ್ಕದ ಮನೆಯವರು ಕೂಡಲೇ ಆಸ್ಪತ್ರೆಗೆ ಒಯ್ದದ್ದರಿಂದ ಜೀವ ಉಳಿಯಿತು, ಇನ್ನಷ್ಟು ಹೊತ್ತಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದರು. ಈಗ ಆ ಹೆಂಗಸು ಫೋನ್ ಕೈಯಲ್ಲಿ ಹಿಡಿದು ನೆಲಕ್ಕೆ ಬಿದ್ದಿರಬಹುದು. ಸೊಸೆ ಹಗಲೆಲ್ಲ ಅಂಗನವಾಡಿ ಕೆಲಸಕ್ಕೆ ಹೋಗುತ್ತಾಳೆಂದು ಅವಳೇ ಒಮ್ಮೆ ಹೇಳಿದ್ದಳು. ನನ್ನ ಬಳಿ ಅವಳ ನಂಬರಿಲ್ಲ, ಹೆಸರಿಲ್ಲ. ನಾರಾಯಣಖೇಡಕ್ಕೆ ನಾನು ಜನ್ಮದಲ್ಲಿ ಹೋಗಿಲ್ಲ.

ಸ್ಟೇಷನ್ನಿಗೆ ಫೋನ್ ಹಚ್ಚಿದೆ. ಎಂಗೇಜ್. ಮತ್ತೆ ಹಚ್ಚಿದೆ. ಎಂಗೇಜ್. ಸುತ್ತಲಿನ ತಾಲ್ಲೂಕುಗಳ ಜನವೆಲ್ಲ ಗಿಟಾರಿನ ಬಗ್ಗೆ ಅಭಿಪ್ರಾಯ ಹೇಳಲು ಕ್ಯೂ ನಿಂತಿದ್ದರು. ಕೊನೆಗೂ ಒಬ್ಬಾತ ಫೋನ್ ಎತ್ತಿ, ಯಾವ ಹಾಡಿನ ಬಗ್ಗೆ ಮಾತಾಡುತ್ತೀರಿ ಎಂದು ಕೇಳಿದ.

“ಹಾಡು ಹಾಳಾಗಿ ಹೋಗ್ಲಿ! ನಾರಾಯಣಖೇಡದ ಅಕ್ಕಗ ಲಕ್ವಾ ಹೊಡದದ. ಆಕಿ ಮನಿಗಿ ಯಾರನ್ನರ ಕಳಸ್ರಿ,” ಎಂದೆ.

“ಲೈನ್ ಖರಾಬ್ ಇತ್ತ್ರಿ ಅಕ್ಕಾ, ಅಂಜಬ್ಯಾಡ್ರಿ. ಪ್ರೋಗ್ರಾಂ ಮುಗಿದ ಮ್ಯಾಲ ಒಂದ್ಸಲ ಫೋನ್ ಹಚ್ಚಿ ಕೇಳ್ತೀವಿ.”

ಪ್ರೋಗ್ರಾಂ ಮುಗಿಯುವವರೆಗೆ ಅವಳು ಇರುತ್ತಾಳೋ ಇಲ್ಲವೋ. ಬೈಯಬೇಕೆನ್ನಿಸಿತು. ಬೈದರೆ ಫೋನ್ ಇಟ್ಟುಬಿಡುತ್ತಾನೆ. ನನ್ನ ಜೀವಮಾನದಲ್ಲಿ ಸಿಟ್ಟು ನುಂಗಿದ್ದು ಅದೊಂದೇ ಸಲ ಇರಬೇಕು.

“ಆತು ತಮ್ಮಾ, ಹಾಡಿನ ಬಗ್ಗೇನೇ ಮಾತಾಡ್ತೀನಿ. ನನಗ ಲೈನ್ ಕೊಡು.”

ಹಾಡು ಮುಗಿಯುವ ತನಕ ಫೋನ್ ಕಿವಿಗೆ ಒತ್ತಿಕೊಂಡು ನಿಂತೆ. ಅದೇ ಡ್ರಮ್ಮು, ಅದೇ ‘ಹೇ’. ಇನ್ನೊಂದು ಭಯವೂ ಇತ್ತು. ಅವಳು ಆರಾಮಾಗಿ ಎಲೆಅಡಿಕೆ ಹಾಕಿಕೊಂಡು ಮಾತಾಡಿದ್ದರೆ? ಊರ ತುಂಬ ನನ್ನ ಮಾನ ಹೋಗುತ್ತದೆ, ಅವಳು ಸಾಯುವವರೆಗೂ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ ಶಿವನೇ, ಅವಳು ಆಡಿಕೊಳ್ಳುವ ಹಾಗಿರಲಿ ಎಂದುಕೊಂಡೆ.

“ತಾಂಡೂರಿನ ಅಕ್ಕಾ ಬಂದಾರ! ಏನಂತೀರಿ ಈ ಹಾಡಿಗಿ?” ಎಂದಳು ಹುಡುಗಿ.

ಒಂದೇ ಉಸಿರಿನಲ್ಲಿ ಹೇಳಿದೆ. “ನಾರಾಯಣಖೇಡದಾಗ ಯಾರ್ ಕೇಳಾಕತ್ತೀರಿ, ಜಲ್ದಿ ಏಳ್ರಿ. ಮೊದಲ ಚಹಾದ ಹೋಟೆಲ್ ಇತ್ತಲ್ಲ, ಈಗ ಹಿಟ್ಟಿನ ಗಿರಣಿ ಆಗ್ಯದ, ಅದರ ಎದುರಿನ ಮನಿ. ಆಕಿ ಲೈನ್ ಖರಾಬ್ ಆಗಿಲ್ರಿ, ಆಕಿ ನಾಲಿಗಿ ತೊದಲ್ಯದ. ನಮ್ಮ ಮನಿಯವರಿಗಿ ಹಿಂಗೇ ಆಗಿತ್ತು. ಬಾಗಲಾ ಒಡೀರಿ, ದವಾಖಾನಿಗಿ ಒಯ್ರಿ!”

ಹುಡುಗಿ ನನ್ನ ಲೈನು ಕತ್ತರಿಸುತ್ತಾಳೆಂದುಕೊಂಡೆ. ಅವಳು ಕತ್ತರಿಸಲಿಲ್ಲ. ನನ್ನ ಮಾತನ್ನೇ ಇನ್ನೊಮ್ಮೆ ಹೇಳಿದಳು, ಹೋಟೆಲು, ಗಿರಣಿ, ಎದುರಿನ ಮನೆ. ಆಮೇಲೆ ಇನ್ನೊಂದು ಹಾಡು ಹಾಕಿದಳು. ಅದು ಯಾವ ಹಾಡೆಂದು ಇವತ್ತಿಗೂ ನೆನಪಾಗುವುದಿಲ್ಲ.

ಹಾಡು ಮುಗಿದು ಲೈನಿಗೆ ಬಂದದ್ದು ಜಹೀರಾಬಾದಿನ ಮಾಸ್ತರು. ಯಾವತ್ತೂ ಸಂಗೀತದ ಪಾಠ ಶುರು ಮಾಡುವ ಮನುಷ್ಯ ಅವತ್ತು, “ನಾರಾಯಣಖೇಡದ ಖಬರ್ ಏನರ ಬಂತೇನ್ರಿ?” ಎಂದಷ್ಟೇ ಕೇಳಿ ಫೋನಿಟ್ಟರು. ಕೊಡಂಗಲ್ಲಿನ ಅಣ್ಣನದೂ ಅದೇ ಪ್ರಶ್ನೆ. ನಮ್ಮವರು ಎಡಗೈಯಲ್ಲಿ ಕೊರಳಿನ ಲಿಂಗ ಹಿಡಿದು ಕಣ್ಣು ಮುಚ್ಚಿದ್ದರು. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಆಮೇಲೆ ಒಂದು ಗಂಡುದನಿ ಬಂತು, ಏದುಸಿರು ಬಿಡುತ್ತ. “ನಾ ಗಿರಣಿಯಾವ ಮಾತಾಡಾಕತ್ತೀನ್ರಿ. ಜ್ವಾಳ ಬೀಸಾಕ ಬಂದ ಒಬ್ಬ ಹೆಣ್ಮಗಳು ಮೊಬೈಲಿನಾಗ ರೇಡಿಯೋ ಕೇಳಿ ಚೀರಿದ್ಳು. ಬಾಗಲಾ ಮುರದು ಒಳಗ ಹೋದೆವ್ರಿ. ಆ ಮನಿ ಅವ್ವ ನೆಲದ ಮ್ಯಾಲ ಬಿದ್ದಿದ್ಳು. ಜೀವ ಅದ. ಗಾಡ್ಯಾಗ ಹಾಕ್ಕೊಂಡು ಜಹೀರಾಬಾದಿಗಿ ಹೊಂಟೀವಿ.” ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಮೂರನೆಯ ದಿನ ಬಸ್ಸು ಹತ್ತಿ ನಾವಿಬ್ಬರೂ ಜಹೀರಾಬಾದಿನ ಆಸ್ಪತ್ರೆಗೆ ಹೋದೆವು. ದನಿ ಕೇಳಿ ನಾನು ದಪ್ಪನೆಯ ಹೆಂಗಸನ್ನು ಕಲ್ಪಿಸಿಕೊಂಡಿದ್ದೆ. ಮಂಚದ ಮೇಲೆ ಹಿಡಿಯಷ್ಟು ಹೆಂಗಸು, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಗಂಡಾಂತರ ಕಳೆದಿದೆಯಂತೆ. ಆದರೆ ಎಚ್ಚರವಾದಾಗಿನಿಂದ ಒಂದೇ ಸಮನೆ ನರಳುತ್ತಿದ್ದಾಳೆ, ಎಲ್ಲಿ ನೋವೆಂದು ಗೊತ್ತಾಗುತ್ತಿಲ್ಲ ಎಂದು ಸೊಸೆ ಕಣ್ಣೀರು ಹಾಕಿದಳು. “ಏನೂ ಆಗಿಲ್ಲ ಅತ್ತಿ, ಆರಾಮ ಆಗ್ತೀ” ಎಂದು ಎಷ್ಟು ಹೇಳಿದರೂ ನರಳಾಟ ನಿಲ್ಲುತ್ತಿಲ್ಲವಂತೆ.

“ನಾ ತಾಂಡೂರಿನಾಕಿ,” ಎಂದೆ.

ಅವಳ ಕಣ್ಣು ನನ್ನ ಮೇಲೆ ನಿಂತಿತು. ದನಿಯ ಗುರುತು ಸಿಕ್ಕಿತು. ನನ್ನ ಕೈ ಹಿಡಿದು ಏನೋ ಅಂದಳು, ನನಗೂ ಅದು ನರಳಾಟದಂತೆಯೇ ಕೇಳಿತು. ಮತ್ತೆ ಅಂದಳು. ನಮ್ಮವರು ಕೋಲನ್ನು ಗೋಡೆಗೆ ಒರಗಿಸಿ ಮಂಚದ ಪಟ್ಟಿಯ ಮೇಲೆ ಕೂತರು, ಕಿವಿ ಅವಳ ಬಾಯಿ ಹತ್ತಿರ ಒಯ್ದರು.

“ನೋವು... ಅಲ್ಲ,” ಎಂದು ಸೊಸೆಗೆ ಹೇಳಿದರು. ಒಂದೊಂದು ಪದಕ್ಕೂ ಅವರ ಕುತ್ತಿಗೆಯ ನರ ಉಬ್ಬುತ್ತಿತ್ತು. “ಅಂಜಿಕಿ... ಅಂಜಿಕಿ ಬರ್ತದ... ಅಂತಾಳ.”

ನಾರಾಯಣಖೇಡದ ಅಕ್ಕ ಹೌದು ಹೌದು ಎಂದು ತಲೆಯಾಡಿಸಿದಳು. ನರಳಾಟ ನಿಂತಿತು. ನಮ್ಮವರು ತಮ್ಮ ಎಡಗೈಯನ್ನು ಅವಳ ಹಣೆಯ ಮೇಲಿಟ್ಟರು.

“ನನಗೂ... ಬರ್ತಿತ್ತು,” ಎಂದರು. “ಈಗೂ... ಬರ್ತದ. ದಿನಾ.”

ಇಷ್ಟು ವರ್ಷ ಅವರಿಗೆ ಅನ್ನ ಕಲಸಿ ಕೊಟ್ಟಿದ್ದೇನೆ, ಅಂಗಿಯ ಗುಂಡಿ ಹಾಕಿದ್ದೇನೆ, ಪಕ್ಕದಲ್ಲೇ ಮಲಗಿದ್ದೇನೆ. ಈ ಮಾತನ್ನು ಅವರು ನನ್ನ ಮುಂದೆ ಒಂದು ದಿನವೂ ಆಡಿರಲಿಲ್ಲ. ಆರಾಮ ಇದ್ದೀರಿ, ಏನೂ ಆಗಿಲ್ಲ ಎಂದು ನಾನೇ ದಿನಾ ಮೊದಲು ಹೇಳಿಬಿಡುತ್ತಿದ್ದೆ. ಸ್ಟೂಲ್ ಎಳೆದುಕೊಂಡು ಅವರಿಬ್ಬರ ಹತ್ತಿರ ಕೂತೆ.

“ನನಗೂ ಬರ್ತದ್ರೀ,” ಎಂದೆ.